ನಿಲ್ಲದ ಗಾಡಿಯ ಎದುರಿನ ಮನೆ

ಎರಡನೇ ಪ್ಲಾಟ್‌ಫಾರ್ಮಿನ ಬೆಂಚಿನಿಂದ,
ಮಂಗಳವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಎಂಟೂಕಾಲು

ಪ್ರೀತಿಯ ಅಪ್ಪಾ,

ನೀವು ತಾತ ಆಗುತ್ತಿದ್ದೀರಿ, ತಾತ, ತಾತ, ತಾತ! ನಿನ್ನೆ ಡಾಕ್ಟರು ಖಚಿತವಾಗಿ ಹೇಳಿದರು. ಅಮ್ಮನಿಗಿಂತ ಮೊದಲು ನಿಮಗೆ ತಿಳಿಸಿದೆ ಅಂತ ಅವಳಿಗೆ ಮಾತ್ರ ಹೇಳಬೇಡಿ, ಮುಖ ಊದಿಸಿಕೊಳ್ಳುತ್ತಾಳೆ. ನಿಮ್ಮ ಮಂಡಿನೋವು ಹೇಗಿದೆ? ರಿಟೈರಾದ ಮೇಲೂ ಸ್ಟೇಷನ್ನಿಗೆ ಹೋಗಿ ಹೊಸ ಸ್ಟೇಷನ್ ಮಾಸ್ತರರ ತಲೆ ತಿನ್ನುತ್ತಿದ್ದೀರಂತೆ! (ಒತ್ತಕ್ಷರ ತಪ್ಪಿದ್ದರೆ ಇಂಗ್ಲಿಷ್ ಶಾಲೆಗೆ ಸೇರಿಸಿದ ನಿಮ್ಮದೇ ತಪ್ಪು.)

ಈಗ ತಪ್ಪೊಪ್ಪಿಗೆ. ಸ್ಟೇಷನ್ ಎದುರಿಗೇ ಮನೆ ಸಿಕ್ಕಿತು ಅಂತ ಕುಣಿದಾಡಿಕೊಂಡು ಬರೆದಿದ್ದೆನಲ್ಲ? ಮನೆ ನೋಡಲು ನಾವಿಬ್ಬರೂ ಬಂದದ್ದು ಭಾನುವಾರ. ಭಾನುವಾರ ಇಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಬ್ರೋಕರ್ "ಹೊಸ್ತಿಲು ದಾಟಿದ್ರೆ ಪ್ಲಾಟ್‌ಫಾರ್ಮು ಮೇಡಂ" ಅಂದ. ನಿಮ್ಮ ಅಳಿಯ ನನ್ನ ಕೈ ಹಿಡಿದುಕೊಂಡಿದ್ದರು, ನಾನು ಲೋಕವನ್ನೇ ಮರೆತಿದ್ದೆ. ಉಳಿದ ಆರು ದಿನ ಫಾಸ್ಟ್ ಗಾಡಿಗಳೆಲ್ಲ ನಮ್ಮ ಕಿಟಕಿಯ ಗಾಜು ನಡುಗಿಸಿಕೊಂಡು ನೇರ ಹೋಗಿಬಿಡುತ್ತವೆ! ವೇಳಾಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ ಸ್ಟೇಷನ್ ಮಾಸ್ತರರ ಮಗಳು ವೇಳಾಪಟ್ಟಿ ನೋಡದೆ ಮನೆ ಹಿಡಿದಳು. ನಾಚಿಕೆಯಿಂದ ಮೂರು ತಿಂಗಳು ಬಾಯಿ ಬಿಟ್ಟಿರಲಿಲ್ಲ.

ನಿಲ್ಲುವುದು ಸ್ಲೋ ಗಾಡಿ ಮಾತ್ರ, ಅದೂ ತುಂಬಿ ತುಳುಕುತ್ತಾ ಬರುತ್ತದೆ. ಇಳಿಯುವವರು ಮೊದಲು ಅಂತ ನೀವು ಕಲಿಸಿದ ಹಾಗೆ ಪಕ್ಕಕ್ಕೆ ನಿಂತರೆ ಬಾಗಿಲೇ ಮುಚ್ಚಿಕೊಳ್ಳುತ್ತದೆ. ನಿನ್ನೆ ಹಿಂದಿದ್ದ ಹೆಂಗಸು "ಏನಮ್ಮಾ, ಕೈ ಹಿಡಿದು ಒಳಗೆ ಕರಕೊಂಡು ಹೋಗ್ಬೇಕಾ? ನುಗ್ಗು!" ಅಂತ ಗದರಿದಳು. ನುಗ್ಗಿದರೆ ಒಂದೂಕಾಲು ಗಂಟೆ ಒಂಟಿಕಾಲಿನಲ್ಲಿ. ಆಮೇಲೆ ಬಸ್ಸು, ಸಿಗ್ನಲ್ಲು, ಮತ್ತೆ ಸಿಗ್ನಲ್ಲು. ನನಗೆ ರಕ್ತ ಕಡಿಮೆಯಂತೆ, ಹೆಚ್ಚು ಹೊತ್ತು ನಿಲ್ಲಲೇಬಾರದು ಅಂದಿದ್ದಾರೆ ಡಾಕ್ಟರು. ಹೊಟ್ಟೆ ಇನ್ನೂ ಕಾಣಿಸುವುದಿಲ್ಲ, ಸೀಟು ಯಾರು ಬಿಡುತ್ತಾರೆ? ಇವತ್ತು ಎರಡು ಗಾಡಿ ತಪ್ಪಿಸಿಕೊಂಡೆ. ಮೂರನೆಯದರ ಬಾಗಿಲಲ್ಲಿ ತಲೆ ಸುತ್ತಿತು. ಹಿಂದಕ್ಕೆ ಬಂದು ಈ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಈಗ ಸಮಾಧಾನವಾಗಿದೆ, ಆದರೆ ಸಿಟ್ಟು ಹೋಗಿಲ್ಲ.

ನಿಮ್ಮಿಬ್ಬರ ಕಾಲಿಗೆ ನನ್ನದೂ, ಇನ್ನೂ ಹೆಸರಿಲ್ಲದ ಇನ್ನೊಬ್ಬರದೂ ನಮಸ್ಕಾರ.

ನಿಮ್ಮ ಮುದ್ದಿನ ಪುಟ್ಟಿ

ತಾ.ಕ. (ಸಂಜೆ, ಮನೆಯಿಂದ): ಬೇರೆ ಮನೆ ಸಿಗುವವರೆಗೆ ನಿಮ್ಮ ಹತ್ತಿರ ಇರಲಾ? ಆಫೀಸಿನಲ್ಲಿ ರಜೆ ಒಪ್ಪಿದ್ದಾರೆ. ನಿಮ್ಮ ಅಳಿಯ ಈ ಸಲ ಮನೆ ನೋಡುವುದು ಸೋಮವಾರ ಬೆಳಿಗ್ಗೆ ಎಂಟಕ್ಕೇ. ಹದಿನಾರನೇ ತಾರೀಖು ಶನಿವಾರ, ಬೆಳಗಿನ ಆರೂವರೆಯ ಎಕ್ಸ್‌ಪ್ರೆಸ್ಸಿಗೆ ಬರುತ್ತಿದ್ದೇನೆ. ಕಿಟಕಿಯ ಸೀಟು ಕಾದಿರಿಸಿದೆ. ವೇಳಾಪಟ್ಟಿ ಮೂರು ಸಲ ನೋಡಿದೆ ಅಪ್ಪಾ, ನಮ್ಮೂರಲ್ಲಿ ಅದು ಎರಡು ನಿಮಿಷ ನಿಲ್ಲುತ್ತದೆ.