ಪಕ್ಕದ ನಿವಾಸಿಗಳು: ಇಲ್ಲ

ಮಾನ್ಯ ಪರವಾನಗಿ ಅಧಿಕಾರಿಗಳೇ,

ನೀವು ಸಹಿ ಹಾಕಿದ ರೋಲರ್ ಕೋಸ್ಟರ್ ನನ್ನ ಗಂಡನನ್ನು ಮನೆ ಬಿಡಿಸಿತು. ಮೂರು ಸಲ ನಿಮ್ಮ ಕಚೇರಿಗೆ ಬಂದು ಇದನ್ನು ಬಾಯಲ್ಲಿ ಹೇಳಿದೆ, ಎರಡು ಸಲ ಅರ್ಜಿಯಲ್ಲಿ ಬರೆದೆ. ಬಾಯಲ್ಲಿ ಹೇಳಿದ್ದಕ್ಕೆ 'ನಾಳೆ ಬನ್ನಿ' ಸಿಕ್ಕಿತು. ಬರೆದದ್ದಕ್ಕೆ ಒಂದು ಸಾಲಿನ ಉತ್ತರ ಸಿಕ್ಕಿತು: 'ಶಬ್ದದ ಪ್ರಮಾಣ ನಿಗದಿತ ಮಿತಿಯೊಳಗಿದೆ.' ಹಾಗಾಗಿ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದರ್ಜಿ. ಪಾರ್ಕಿನ ಹಿಂಗೋಡೆಯ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ಪಾರ್ಕಿನ ಮೇಲೆ ನಮಗೇನೂ ಹಗೆಯಿರಲಿಲ್ಲ. ಪುಟಾಣಿ ರೈಲು, ತಿರುಗುವ ಮರದ ಕುದುರೆಗಳು, ಒಂದೇ ಹಾಡನ್ನು ಬೇಸರವಿಲ್ಲದೆ ಹಾಡುವ ಧ್ವನಿವರ್ಧಕ. ಆ ಹಾಡಿನ ತಾಳಕ್ಕೆ ನನ್ನ ಹೊಲಿಗೆ ಯಂತ್ರವನ್ನು ಎಷ್ಟೋ ಸಲ ತುಳಿದಿದ್ದೇನೆ. ಕಳೆದ ವರ್ಷ ಗೋಡೆಯ ಆಚೆ ಕಟ್ಟಡದೆತ್ತರಕ್ಕೆ ಹಸಿರು ಪರದೆ ಎದ್ದಿತು. ಕೇಳಿದರೆ ಕಾವಲುಗಾರ "ರಿಪೇರಿ ನಡೀತಿದೆ ಅಮ್ಮ" ಎಂದ. ಏಳು ತಿಂಗಳ ರಿಪೇರಿ! ಒಂದು ಶುಕ್ರವಾರ ಬೆಳಿಗ್ಗೆ ಪರದೆ ಕಳಚಿದರು. ನನ್ನ ಅಡುಗೆಮನೆಯ ಕಿಟಕಿಗೆ ಸರಿಸಮನಾಗಿ ಕೆಂಪು ಹಳಿ. ಅದರ ಮೇಲೊಂದು ಬ್ಯಾನರು: 'ನೀವು ನಿರೀಕ್ಷಿಸಿರದ ಉಡುಗೊರೆ!' ಸುಳ್ಳೇನೂ ಬರೆದಿರಲಿಲ್ಲ, ಒಪ್ಪಿಕೊಳ್ಳಬೇಕು.

ಇಂಥದ್ದನ್ನು ಕಟ್ಟುವ ಮೊದಲು ಅಕ್ಕಪಕ್ಕದವರನ್ನು ಕೇಳಬೇಕೆಂಬ ನಿಯಮ ನಿಮ್ಮಲ್ಲೇ ಇದೆ. ಕಡತ ತೆಗೆಸಿ ನೋಡಿದೆ. ಆ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಪಕ್ಕದ ನಿವಾಸಿಗಳು: ಇಲ್ಲ.' ಇಪ್ಪತ್ತನಾಲ್ಕು ಮನೆಗಳ ಕಟ್ಟಡ, ಪ್ರತಿ ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತಿರುತ್ತದೆ. ಆ ಬಟ್ಟೆಗಳನ್ನು ಯಾರು ತೊಡುತ್ತಾರೆಂದು ತಿಳಿದಿರಿ? ನಡುವೆ ಹನ್ನೆರಡು ಅಡಿಯ ರಸ್ತೆ ಇರುವುದರಿಂದ ನಾವು 'ಪಕ್ಕ'ದವರಲ್ಲವಂತೆ, 'ಎದುರಿ'ನವರಂತೆ. ಹಾಗೆಂದು ನಿಮ್ಮ ಗುಮಾಸ್ತರು ವಿವರಿಸಿದರು. ವ್ಯಾಕರಣ ಗಟ್ಟಿಯಾಗಿದೆ, ಅಭಿನಂದನೆಗಳು.

ನನ್ನ ಗಂಡ ಮೂವತ್ತೊಂದು ವರ್ಷ ಅಗ್ನಿಶಾಮಕ ದಳದಲ್ಲಿದ್ದವರು. ನಾಲ್ಕು ವರ್ಷಗಳ ಹಿಂದೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು. ಆದರೂ ಮನೆಯಲ್ಲಿ ಬದುಕು ಸಾಗುತ್ತಿತ್ತು, ಏಕೆಂದರೆ ಅವರಿಗೆ ಮರೆತದ್ದು ಅವರ ಕೈಗೆ ನೆನಪಿತ್ತು. ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು, ಸಕ್ಕರೆ ಡಬ್ಬಿಗೆ ಹೋಗುತ್ತಿತ್ತು. ನನ್ನ ಹೆಸರು ಬಾರದಿದ್ದರೂ, ಯಂತ್ರದ ಮುಂದೆ ನಾನು ಕೂತಿದ್ದರೆ "ಇವಳು ನಮ್ಮವಳು" ಎಂಬ ನೆಮ್ಮದಿ ಅವರ ಮುಖದಲ್ಲಿ ಕಾಣುತ್ತಿತ್ತು.

ಆ ಶುಕ್ರವಾರ ಮೊದಲ ಗಾಡಿ ಇಳಿದಾಗ ಅವರು ಕುರ್ಚಿಯಿಂದ ಚಿಮ್ಮಿ ಎದ್ದರು.

"ಕೇಳಿಸ್ತಿಲ್ವೇನೇ? ಜನ ಕೂಗ್ತಿದಾರೆ!"

"ಅದು ಆಟ ಕಣ್ರೀ. ಖುಷಿಗೆ ಕೂಗ್ತಾರೆ."

"ಖುಷಿಗೆ ಯಾರಾದ್ರೂ ಹಾಗೆ ಕೂಗ್ತಾರಾ? ಆ ಕೂಗು ನನಗೆ ಗೊತ್ತಿಲ್ವಾ?"

ಆ ಕೂಗು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಪ್ರತಿ ನಾಲ್ಕು ನಿಮಿಷಕ್ಕೊಂದು ಗಾಡಿ, ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ. ಪ್ರತಿ ಸಲವೂ ಅವರಿಗೆ ಅದೇ ಮೊದಲ ಸಲ. ಎದ್ದು ಬೂಟು ಹುಡುಕುತ್ತಿದ್ದರು. ಒಂದು ದಿನ ಮಂಚದ ಹಾಸಿಗೆಯನ್ನು ಬಾಲ್ಕನಿಗೆ ಎಳೆದು ತಂದು, ಹಾರುವವರಿಗಾಗಿ ಕೆಳಗೆ ಹಾಸಬೇಕೆಂದು ಹಟ ಹಿಡಿದರು. ಕಿಟಕಿ ಮುಚ್ಚಿದೆ, ಕಿವಿಗೆ ಹತ್ತಿ ಇಟ್ಟೆ. ಹತ್ತಿ ಕಿತ್ತು ಹಾಕಿ ಅತ್ತರು: "ನಮ್ಮನ್ನೇ ನಂಬ್ಕೊಂಡು ಕೂಗ್ತಿದಾರೆ, ನೀನು ಬಿಡ್ತಾನೇ ಇಲ್ವಲ್ಲ." ಉರಿಯುವ ಕಟ್ಟಡದೊಳಗೆ ನುಗ್ಗುವ ಮನುಷ್ಯನನ್ನು ತೋಳು ಹಿಡಿದು ತಡೆಯುವ ಹೆಂಡತಿಯಾಗಿಬಿಟ್ಟಿದ್ದೆ ನಾನು. ದಿನಕ್ಕೆ ನೂರು ಸಲಕ್ಕೂ ಹೆಚ್ಚು.

ಮೂರನೇ ವಾರ ಒಬ್ಬ ಗಿರಾಕಿಯ ಉಡುಪಿಗೆ ಅಂಚು ಮಡಚುತ್ತಿದ್ದೆ, ಬಾಯಲ್ಲಿ ಗುಂಡುಸೂಜಿಗಳಿದ್ದವು. ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು. ಬಚ್ಚಲಿನಿಂದ ಹೊಸ್ತಿಲವರೆಗೆ ನೀರಿನ ಜಾಡು. ಹೊದಿಕೆ ನೆನೆಸಿ ಹೆಗಲಿಗೆ ಹಾಕಿಕೊಂಡು ಹೋಗಿದ್ದರು.

ನಾನು ಓಡುವಷ್ಟರಲ್ಲಿ ಮುಗಿದಿತ್ತು. ಹೊರಬರುವ ದಾರಿಯಿಂದ ಒಳಹೊಕ್ಕು, ಗಾಡಿ ನಿಲ್ಲುವ ಕಟ್ಟೆಗೆ ಹತ್ತಿ, ಮೊದಲ ಸೀಟಿನಲ್ಲಿದ್ದ ಹುಡುಗಿಯೊಬ್ಬಳ ಮೇಲೆ ಹೊದಿಕೆ ಹೊದಿಸಿ, "ಹೆದರ್ಬೇಡಮ್ಮ, ಬಂದ್ವಿ, ಬಂದ್ವಿ" ಎಂದು ಎಳೆದರಂತೆ. ಅವಳು ಚೀರಿದಳು. ಅವಳಪ್ಪ ಇವರ ಮುಖಕ್ಕೆ ಹೊಡೆದ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ಹಿಡಿದರು. ಕಾವಲುಗಾರರ ಕೋಣೆಯಲ್ಲಿ ಅವರು ಸ್ಟೂಲಿನ ಮೇಲೆ ಕೂತಿದ್ದರು, ತುಟಿ ಒಡೆದಿತ್ತು. ನನ್ನನ್ನು ನೋಡಿದೊಡನೆ ಕೇಳಿದರು:

"ಆ ಹುಡುಗಿ ಉಳಿದ್ಲಾ?"

"ಉಳಿದ್ಲು ರೀ."

"ಮಿಕ್ಕೋರು?"

"ಎಲ್ರೂ ಉಳಿದ್ರು."

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಅಪ್ಪ ಇದನ್ನು ಕೇಳಿಸಿಕೊಂಡ. ಒಳಗೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, "ಗೊತ್ತಾಗ್ಲಿಲ್ಲ ಅಮ್ಮ, ತಪ್ಪಾಯ್ತು" ಎಂದು ಅತ್ತುಬಿಟ್ಟ. ಇಡೀ ಪ್ರಕರಣದಲ್ಲಿ ತಪ್ಪಾಯಿತೆಂದವನು ಅವನೊಬ್ಬನೇ. ತಪ್ಪು ಅವನದಾಗಿತ್ತೇ, ಮಾನ್ಯರೇ?

ಇನ್ನು ಅವರನ್ನು ಆ ಸದ್ದಿನಲ್ಲಿ ಇಡಬೇಡಿ, ಎದೆ ತಡೆಯುವುದಿಲ್ಲ ಎಂದರು ವೈದ್ಯರು. "ಮನೆ ಬದಲಾಯಿಸಿ" ಎಂದರು ನಿಮ್ಮ ಗುಮಾಸ್ತರು, ಅಂಗಿ ಬದಲಾಯಿಸಿ ಎಂದಷ್ಟು ಸಲೀಸಾಗಿ. ದರ್ಜಿಯ ಗಳಿಕೆಗೆ ಬೇರೆ ಮನೆ ಸಿಗಲಿಲ್ಲ, ಊರಿನ ಇನ್ನೊಂದು ತುದಿಯ ಆರೈಕೆ ಕೇಂದ್ರದಲ್ಲಿ ಅವರಿಗೊಂದು ಹಾಸಿಗೆ ಸಿಕ್ಕಿತು. ಬಿಳಿ ಗೋಡೆ, ನೆಲಕ್ಕೆ ಮೊಳೆಯಿಂದ ಬಿಗಿದ ಕುರ್ಚಿಗಳು, ಬಹಳ ಪ್ರಶಾಂತ. ಅಲ್ಲಿ ಅವರು ಎದ್ದು ಓಡುವುದಿಲ್ಲ. ಕೈ ಮಾತ್ರ ಗೋಡೆಯ ಮೇಲೆ ಸ್ವಿಚ್ಚಿಲ್ಲದ ಕಡೆ ಸ್ವಿಚ್ಚು ತಡಕುತ್ತದೆ. ಮೊದಲ ತಿಂಗಳು ನಾನು ಹೊರಟಾಗಲೆಲ್ಲ ತಾವೂ ಹೊರಡುತ್ತಿದ್ದರು, ಆಮೇಲೆ ಅದು ನಿಂತಿತು. ಕಳೆದ ಭಾನುವಾರ ಹೋದಾಗ ಎದ್ದು ನಿಂತು ತಮ್ಮ ಕುರ್ಚಿ ತೋರಿಸಿದರು.

"ಬನ್ನಿ, ಕೂತ್ಕೊಳ್ಳಿ. ಯಾರನ್ನ ನೋಡ್ಬೇಕಿತ್ತು?"

"ನಿಮ್ಮನ್ನೇ."

"ಹೌದಾ? ನಮ್ಮ ಮನೆಯವಳು ಈಗ ಬರ್ತಾಳೆ. ಅವಳು ಬಂದ್ಮೇಲೆ ಮಾತಾಡೋಣ."

ಕೂತೆ. ಅವಳಿಗಾಗಿ ನಾವಿಬ್ಬರೂ ಸಂಜೆವರೆಗೆ ಕಾದೆವು.

ಮಾನ್ಯರೇ, ಜನರ ಆಟ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳು ಕೂಗಲಿ, ನಗಲಿ. ಆದರೆ ಆ ಹಳಿಯ ನಮ್ಮ ಕಡೆಗೆ ಸದ್ದು ತಡೆಯುವ ಗೋಡೆ ಕಟ್ಟಿಸಿ. ಹಾಗೆ ಕಟ್ಟಬಹುದೆಂದು ಪಾರ್ಕಿನ ಎಂಜಿನಿಯರೇ ನನಗೆ ಹೇಳಿದ್ದಾರೆ, ಯಾರೂ ಕೇಳಲಿಲ್ಲವಂತೆ. ಅದು ಏಳುವವರೆಗೆ ಗಾಡಿ ನಿಲ್ಲಲಿ. ಎರಡನೇ ಕೋಸ್ಟರಿನ ಕಡತ ಈಗಾಗಲೇ ನಿಮ್ಮ ಮೇಜಿಗೆ ಬಂದಿದೆಯೆಂದು ಕೇಳಿದ್ದೇನೆ. ಸಹಿ ಹಾಕುವ ಮೊದಲು ನಮ್ಮ ಮೆಟ್ಟಿಲು ಹತ್ತಿ ಬನ್ನಿ, ಇಪ್ಪತ್ತನಾಲ್ಕು ಬಾಗಿಲನ್ನೂ ತಟ್ಟಿ.

ಸದ್ದು ನಿಂತರೆ ಮನೆಗೆ ಕರೆದುಕೊಂಡು ಹೋಗಿ ನೋಡಬಹುದು, ಆದರೆ ತಡ ಮಾಡಬಾರದು ಎಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಬೇಗ ಉತ್ತರಿಸಿ. ಅವರೊಳಗೆ ನಾನು ಇನ್ನು ಎಷ್ಟು ದಿನ ಉಳಿದಿರುತ್ತೇನೋ ನನಗೆ ಗೊತ್ತಿಲ್ಲ.

ಇಂತಿ,
ಅಗ್ನಿಶಾಮಕ ದಳದ ನಿವೃತ್ತ ನೌಕರರೊಬ್ಬರ ಹೆಂಡತಿ,
ಸದ್ಯಕ್ಕೆ ಅವರಿಗೆ ಯಾರೋ ಒಬ್ಬ ಅತಿಥಿ