ಕೋಡಿ ಹಳ್ಳದ ಪಕ್ಕದ ಮನೆ

ಸುನಂದಾ,

ನಮ್ಮ ನಿರ್ಮಲಾ ಕೊಳ್ಳಬೇಕು ಅಂತಿರೋ ಮನೇನ ಇವತ್ತು ಒಬ್ಬನೇ ಹೋಗಿ ನೋಡ್ಕೊಂಡು ಬಂದೆ ಕಣೇ. ಹಂದನಕೆರೆ ಕಡೆ, ಕೆರೆ ಕೋಡಿ ಹಳ್ಳದ ಪಕ್ಕ. ಅಡುಗೆಮನೆಗೆ ಒಳ್ಳೇ ಬೆಳಕು, ಅದಿರಲಿ. ಎಂಜಿನಿಯರ್ ರಿಪೋರ್ಟಲ್ಲಿ 'ಫ್ಲಡ್ ರಿಸ್ಕ್ ಲೋ' ಅಂತಿದೆ. ಪ್ರಾಬಬಿಲಿಟಿ ಅಂತಾನೂ ಏನೋ ಇತ್ತು, ಕಾಲೇಜಲ್ಲಿ ಓದಿದ್ದೇ, ಈಗ ಮರೆತಿದೆ.

ಅಲ್ಲೇ ಕುರಿ ಮೇಯಿಸ್ತಿದ್ದ ನಾಗಕ್ಕ ನಕ್ಕಳು. "ಕಾಗದಕ್ಕೇನು ಗೊತ್ತು ಸ್ವಾಮಿ? ಹೋದ ಸಲ ಕೋಡಿ ಬಿದ್ದಾಗ ಆ ಕಿಟಕಿಗಂಟ ನೀರು ಬಂದಿತ್ತು. ತೆಂಗಿನ ಬುಡ ನೋಡ್ರಿ."

ನೋಡಿದೆ. ದಪ್ಪ ಬುಡವೇ ಕಾಣದ ಹಾಗೆ ಹಳ್ಳದ ನೀರು ತಂದು ಹಾಕಿದ ಗೋಡುಮಣ್ಣು ತುಂಬಿತ್ತು. ತೆಂಗು ಬೆಳೆದವನಿಗೆ ಅದನ್ನ ಓದೋಕೆ ಇಂಗ್ಲಿಷ್ ಬೇಡ.

ನಾನು ವಾಪಸ್ ಬರೋಷ್ಟರಲ್ಲಿ, ಬಾಡಿಗೆ ಮನೆ ಬಿಡಬೇಕಾದ ನಿರ್ಮಲಾ ಆಗಲೇ ಪಾತ್ರೆ ಮೂಟೆ ಕಟ್ಟಿದ್ದಳು. "ಓದಿರೋನು ನೀನೇ ಅಪ್ಪ. ತಗೋಬೋದಾ?"

"ಏನೂ ಆಗಲ್ಲ, ತಗೋ" ಅಂದುಬಿಟ್ಟೆ.

ಇಬ್ಬರು ಡಾಕ್ಟರು ಎರಡು ಥರ ಹೇಳಿದ ದಿನ, ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದ ನಿನಗೂ ಬಂದು 'ಏನೂ ಆಗಲ್ಲ' ಅಂತಷ್ಟೇ ಹೇಳಿದ್ದೆ. ಎರಡನೆಯವರು ಇವತ್ತೇ ಅಡ್ಮಿಟ್ ಮಾಡಿ ಅಂದಿದ್ದನ್ನ ಹೇಳಲಿಲ್ಲ. ನೀನು ಚೀಲ ಎತ್ಕೊಂಡು ಮನೆಗೆ ಬಂದೆ. ತಿಂಗಳೊಳಗೆ ನಮ್ಮನ್ನ ಬಿಟ್ಟು ಹೋಗಿಬಿಟ್ಟೆ.

ಈಗಲೂ ಒಳಗೆ ಹೋಗಿ ಅವಳಿಗೆ ತೆಂಗಿನ ಬುಡದ ವಿಷಯ ಹೇಳಬಹುದು. ಬಾಯಿ ಬಿಟ್ಟರೆ ನಿನ್ನ ವಿಷಯವೂ ಬಂದುಬಿಡುತ್ತೆ ಅಂತ ಹೊರಗೇ ಕೂತಿದ್ದೀನಿ.