ನಿನ್ನ ಹಾಡು ಊರಿಗೆ ಬಂದ ಮೇಲೆ

ಪಿಜನ್ ಫೋರ್ಕ್, ಕೆಂಟಕಿ
ಅಕ್ಟೋಬರ್ 9, 1994, ಭಾನುವಾರ

ನನ್ನ ಮುದ್ದು ಡೆಲ್ಫಾ,

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರಬೇಕು. ಎಲ್ಲರೂ ಬದುಕಿದ್ದೇವೆ, ಅದನ್ನು ಮೊದಲು ತಿಳಿದುಕೋ. ಅಪ್ಪನ ಉಸಿರಾಟ ಹೇಗಿತ್ತೋ ಹಾಗೇ ಇದೆ. ಆಕ್ಸಿಜನ್ ಸಿಲಿಂಡರಿಗೆ ಗಣಿಯ ಮಾಲೀಕನ ಹೆಸರಿಟ್ಟು ದಿನವಿಡೀ ಬೈಯುತ್ತಾ ಕೂತಿರುತ್ತಾರೆ. ಫೋನಿನಲ್ಲಿ ಇದನ್ನೆಲ್ಲ ಹೇಳಲು ನನಗೆ ಧೈರ್ಯವಿಲ್ಲ. ಲೈನಿನಲ್ಲಿ ಇನ್ಯಾರೋ ಉಸಿರಾಡಿದ ಹಾಗೆ ಕೇಳಿಸುತ್ತದೆ. "ಅದು ನಿನ್ನದೇ ಉಸಿರು ಕಣೇ, ಹೆದರುಪುಕ್ಲಿ" ಎನ್ನುತ್ತಾರೆ ಅಪ್ಪ. ಇರಬಹುದು.

ಬರುವ ಶನಿವಾರ ಇಲ್ಲಿನ ಹೈಸ್ಕೂಲು ಮೈದಾನದಲ್ಲಿ ನೀನು ಹಾಡುವುದಿದೆ. ಕಳೆದ ವಾರ ನೀನು ಕೇಳಿದಾಗ "ಬಾ, ಇಲ್ಲೆಲ್ಲ ಚೆನ್ನಾಗಿದೆ" ಎಂದೆ. ಚೆನ್ನಾಗಿರಲಿಲ್ಲ. ಇದನ್ನು ಪೂರ್ತಿ ಓದಿ, ಆಮೇಲೆ ಗಿಟಾರ್ ಪೆಟ್ಟಿಗೆ ಮುಚ್ಚು.

ನಿನ್ನ ಹಾಡು ಮೊದಲು ಬಂದದ್ದು ಆಗಸ್ಟಿನಲ್ಲಿ. ನಾನು ಚಳಿಗಾಲಕ್ಕೆಂದು ಹುರುಳಿಕಾಯಿ ಬೇಯಿಸಿ ಬಾಟಲಿಗೆ ತುಂಬುತ್ತಿದ್ದೆ. ರೇಡಿಯೋದವನು "ಈಗ ನಮ್ಮೂರ ಹುಡುಗಿ" ಎಂದ. ಅಷ್ಟು ಹೇಳಿದ್ದೇ ಸಾಕಾಯಿತು ನನಗೆ. ಹತ್ತೊಂಬತ್ತಕ್ಕೆ ನ್ಯಾಶ್‌ವಿಲ್‌ಗೆ ಹೋದವಳು ನೀನು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಂಜೆ ಯಾರೂ ಕಿವಿಗೊಡದ ಬಾರುಗಳಲ್ಲಿ ಹಾಡಿ, ನಿನ್ನ ಹಾಡುಗಳನ್ನು ದೊಡ್ಡ ಟೋಪಿಯ ಗಂಡಸರು ತಮ್ಮವೇ ಎನ್ನುವಂತೆ ಹಾಡುವುದನ್ನು ನೋಡಿಕೊಂಡು ವರ್ಷಗಟ್ಟಲೆ ಇದ್ದೆ. ಈಗ ನಿನ್ನ ಹಾಡು, ನಿನ್ನದೇ ದನಿ, ನನ್ನ ಅಡುಗೆಮನೆಯಲ್ಲಿ. ಮೊದಲ ಸಲ ನಾನು ಧಾಟಿಯನ್ನಷ್ಟೇ ಕೇಳಿದೆ. ಚಮಚ ಹಿಡಿದುಕೊಂಡೇ ಅತ್ತೆ. ಅಪ್ಪ ಒಳಗಿನಿಂದ, "ಗಿಟಾರ್ ಪಾಪದ ವಾದ್ಯ ಅಂತ ನಾನಂದಿದ್ನಾ? ಯಾವಾಗ ಅಂದಿದ್ದೆ?" ಎಂದು ಜಗಳ ತೆಗೆದರು.

ಎರಡನೆಯ ಸಲ ಬಂದಾಗ ಮಾತುಗಳು ಕೇಳಿಸಿದವು.

"ಗಾಳಿ ಕಾಯುವ ಕಣ್ಣಿತ್ತು ಗುಡ್ಡದೊಳಗೆ, ಅದಕ್ಕೆ ಕೋಟು ಹೊದಿಸಿದವರು ಯಾರು?"

ನಾನು ರೇಡಿಯೋ ಆರಿಸಿದೆ. ಆ ಕಣ್ಣು ಯಾವುದು ಎಂದು ಈ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತು. ಗಣಿಯೊಳಗೆ ಗ್ಯಾಸು ಹೆಚ್ಚಾದರೆ ಕಲ್ಲಿದ್ದಲು ಕೊರೆಯುವ ಯಂತ್ರವನ್ನು ತಾನೇ ನಿಲ್ಲಿಸಿಬಿಡುವ ಪೆಟ್ಟಿಗೆ ಅದು. ಗ್ಯಾಸು ಸಿಡಿದು ನಮ್ಮ ಲೋನಿಯೂ ಇನ್ನಿಬ್ಬರೂ ಸತ್ತಾಗ, ಪೆಟ್ಟಿಗೆ ತಾನಾಗಿಯೇ ಕೆಟ್ಟಿತ್ತು ಎಂದು ತನಿಖೆಯವರು ಬರೆದು ಮುಗಿಸಿದ್ದರು. ಪೆಟ್ಟಿಗೆಯನ್ನು ಬೇಕೆಂದೇ ಮುಚ್ಚಿದ್ದರು ಎಂದು ನಿನಗೆ ಹೇಳಿದವನು ನಿನ್ನ ಅಣ್ಣ. ಲೋನಿಯನ್ನು ಮಣ್ಣು ಮಾಡಿ ಬಂದ ದಿನ ಇದೇ ಮೇಜಿನ ಮುಂದೆ ಕೂತು ವೆಂಡೆಲ್ ನಿನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ನಾನು ಪಾತ್ರೆ ತೊಳೆಯುತ್ತಿದ್ದೆ. ಅರ್ಧ ಕೇಳಿಸಿತು. ಉಳಿದರ್ಧ ಕೇಳಿಸದಿರಲಿ ಎಂದು ನಲ್ಲಿಯನ್ನು ಜೋರಾಗಿ ತಿರುಗಿಸಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಚರ್ಚಿನ ಹಿಂದೆ ಕದ್ದು ಕೂರಿಸಿಕೊಂಡು ನಿನಗೆ ಗಿಟಾರ್ ಕಲಿಸಿದವನು ಲೋನಿ, ನನ್ನ ತಂಗಿಯ ಮಗ. ಅವನಿಗೆ ನೀನಲ್ಲದೆ ಇನ್ಯಾರು ಹಾಡು ಕಟ್ಟಬೇಕು? ಆದರೆ ನೀನು ಹಾಡುವುದು ಅಲ್ಲಿ. ನಾವು ಬದುಕಬೇಕಾದ್ದು ಇಲ್ಲಿ.

ಮೊದಲು ಜನ ಮಾತು ನಿಲ್ಲಿಸಿದರು. ಅಂಗಡಿಯ ಹುಡುಗಿ ಸಾಮಾನನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಳು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ನನಗೆ ಕೇಳಲಿ ಎಂದೇ ಹೇಳಿದ: "ಅವಳೇನಮ್ಮಾ, ಬೆಳ್ಳಿ ಗುಂಡಿ ಜಾಕೆಟ್ ಹಾಕ್ಕೊಂಡು ಹಾಡ್ತಾಳೆ. ಗಣಿ ಮುಚ್ಚಿದ್ರೆ ನಮ್ಮ ಮಕ್ಳು ಏನು ತಿನ್ಬೇಕು? ಹಾಡನ್ನಾ?" ಚರ್ಚಿನಲ್ಲಿ ನಮ್ಮ ಬೆಂಚು ಖಾಲಿಯಾಯಿತು. ಲೋನಿಯ ಹೆಂಡತಿ ಟ್ರೆವಾ ಮಾತ್ರ ನನ್ನ ಹಿಂದೆಯೇ ಬಚ್ಚಲಿಗೆ ಬಂದು, ಬಾಗಿಲು ಹಾಕಿ, ನನ್ನ ಮಣಿಕಟ್ಟು ಹಿಡಿದು, "ನಿಲ್ಲಿಸ್ಬೇಡ ಅನ್ನಿ ಅವಳಿಗೆ" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಹೊರಗೆ ಹೋಗಿ, ನನ್ನ ಗುರುತೇ ಇಲ್ಲದವಳಂತೆ ಹಾಡಿನ ಪುಸ್ತಕ ತೆರೆದು ಕೂತಳು. ನಮ್ಮ ಪರವಾಗಿ ಇರುವವರೂ ಇಷ್ಟು ಹೆದರಿದ್ದಾರಲ್ಲ ಎಂದು ಅವತ್ತು ನನ್ನ ಹೆದರಿಕೆ ಇಮ್ಮಡಿಯಾಯಿತು.

ಆಮೇಲೆ ನಮ್ಮ ದಾರಿಯ ಬುಡದಲ್ಲಿ ಒಂದು ಪಿಕಪ್ ಗಾಡಿ ಬಂದು ನಿಲ್ಲತೊಡಗಿತು. ಎಂಜಿನ್ ಆರಿಸುವುದಿಲ್ಲ, ಯಾರೂ ಇಳಿಯುವುದಿಲ್ಲ. ನಾನು ಒಗೆದ ಬಟ್ಟೆಯನ್ನು ಒಳಗೇ ಒಣಹಾಕಲು ಶುರುಮಾಡಿದೆ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಂಜೆ ಊಟಕ್ಕೆ ಕೂತಿದ್ದೆವು. ಮುಂದಿನ ಕಿಟಕಿ ಒಡೆದುಕೊಂಡು ಕಲ್ಲು ಬಂತು. ಗಾಜಿನ ಚೂರು ಬೀನ್ಸ್ ಪಾತ್ರೆಯೊಳಗೆ, ಅಪ್ಪನ ಅಂಗಿಯ ಮೇಲೆ, ಎಲ್ಲೆಲ್ಲೂ. ಅಪ್ಪ "ಲೈಟ್ ಆರ್ಸು" ಎಂದರು. ಅಡುಗೆಮನೆಯ ನೆಲದಲ್ಲಿ ಒಲೆಗೆ ಒರಗಿ ಇಬ್ಬರೂ ಕೂತೆವು. ಆ ಕತ್ತಲಲ್ಲಿ ಅವರ ಆಕ್ಸಿಜನ್ನಿನ ಸುಯ್ ಎನ್ನುವ ಸದ್ದು ಒಂದೇ. ಹೊರಗಿನವರಿಗೆ ಅದು ಕೇಳಿಸುತ್ತದೇನೋ ಎಂದು ನನಗೆ ಭಯ. ಅದನ್ನು ನಿಲ್ಲಿಸಿ ಎನ್ನಲು ಆಗುತ್ತದೆಯೇ?

ಬೆಳಿಗ್ಗೆ ವೆಂಡೆಲ್ ಹೊಸ ಗಾಜು ಹಿಡಿದುಕೊಂಡು ಬಂದ. ಗಾಜು ಚೌಕಟ್ಟಿನಲ್ಲಿ ಸರಿಯಾಗಿ ಕೂತಿತು. ನನಗೆ ಬೆನ್ನು ಹಾಕಿ ಅಂಚಿಗೆ ಮೇಣ ಮೆತ್ತುತ್ತಿದ್ದ. ನಾನು ಕೇಳಿದೆ:

"ವೆಂಡೆಲ್, ಕಿಟಕಿ ಒಡೆದದ್ದು ನಿಂಗೆ ಯಾರು ಹೇಳಿದ್ದು? ನಾವು ಯಾರಿಗೂ ಫೋನ್ ಮಾಡಿಲ್ಲವಲ್ಲೋ."

ಅವನ ಕೈ ನಿಂತಿತು. ನಲವತ್ತರ ಹತ್ತಿರದ ಗಂಡಸು, ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ.

"ಅವಳು ಹೆದರಿ ಬರೋದು ಬಿಡ್ತಾಳೆ ಅಂದ್ಕೊಂಡೆ ಅಮ್ಮ. ನಿಮಗೆ ತಾಗ್ಲಿ ಅಂತಲ್ಲ. ಆಣೆ ಮಾಡ್ತೀನಿ. ಪೆಟ್ಟಿಗೆ ಮುಚ್ಚಿದ್ದನ್ನ ನೋಡಿ ಬದುಕಿರೋರು ಇಬ್ರೇ. ನಾನು, ಬರ್ಲ್ ಸ್ಟಿಡಮ್. ಅವನು ಹೇಳಿರಲ್ಲ. ಅಂದ್ರೆ ಇನ್ಯಾರು ಹೇಳಿದ್ದು? ಹಾಡು ಬಂದಾಗಿಂದ ಆ ಮನುಷ್ಯ ನನ್ನ ಮುಖ ನೋಡ್ತಿಲ್ಲ. ನನ್ನೊಬ್ನನ್ನೇ ದೂರದ ಸುರಂಗಕ್ಕೆ ಕಳಿಸ್ತಾನೆ. ಅಲ್ಲಿ ಏನಾದ್ರೂ ಆದ್ರೆ ಯಾರಿಗೆ ಕೇಳಿಸುತ್ತೆ?"

ಬರ್ಲ್ ಸ್ಟಿಡಮ್ ಅವರ ಮೇಸ್ತ್ರಿ. ನಿನಗೂ ನೆನಪಿರಬೇಕು, ದೊಡ್ಡ ಆಳು, ಕ್ರಿಸ್‌ಮಸ್ಸಿಗೆ ಮಕ್ಕಳಿಗೆ ಕಿತ್ತಳೆ ಹಂಚುತ್ತಿದ್ದವನು. ಅವತ್ತಿನಿಂದ ನನಗೆ ಬೇರೆ ಭಯವೆಲ್ಲ ಮರೆತುಹೋಯಿತು. ವೆಂಡೆಲ್ ಪಾಳಿಗೆ ಇಳಿದರೆ ಅವನು ಮೇಲೆ ಬರುವ ತನಕ ನಾನು ಊಟಕ್ಕೆ ಕೂರುತ್ತಿರಲಿಲ್ಲ. ಕೆಲಸ ಬಿಡು ಎಂದೆ. "ಬಿಟ್ರೆ ನಾನೇ ಅಂತ ಎಲ್ರಿಗೂ ಗೊತ್ತಾಗುತ್ತೆ" ಎಂದ. ಕಲ್ಲು ಎಸೆದದ್ದು ಇವನೇ ಎಂದು ಅಪ್ಪನಿಗೆ ಹೇಳಿಲ್ಲ. ನೀನೂ ಹೇಳಬೇಡ. ಅಣ್ಣನನ್ನು ಬೈಯಲೂ ಬೇಡ. ಚಿಕ್ಕಂದಿನಲ್ಲಿ ಅವನು ಕತ್ತಲಿಗೆ ಎಷ್ಟು ಹೆದರುತ್ತಿದ್ದ ಎಂಬುದು ನಿನಗೆ ಗೊತ್ತಿಲ್ಲ. ಅಂಥವನು ಹದಿನೆಂಟು ತುಂಬಿದ ಕೂಡಲೇ ಗುಡ್ಡದೊಳಗೆ ಇಳಿದ.

ಈ ಗುರುವಾರ ಮಧ್ಯಾಹ್ನ ಬರ್ಲ್ ನಮ್ಮ ಮನೆಗೆ ಬಂದ. ಅದೇ ಪಿಕಪ್ ಗಾಡಿ. ಅಷ್ಟು ದಿನ ಕೆಳಗೆ ನಿಲ್ಲುತ್ತಿದ್ದವನು ಅವನೇ. ಅವತ್ತು ಗಾಡಿ ಮೇಲಕ್ಕೇ ಬಂತು. ಅಪ್ಪ ಒಳಗೆ ಮಲಗಿದ್ದರು. ನಾನು ಜಗಲಿಯಲ್ಲಿ ಕುರ್ಚಿ ಹಾಕಿ, ಹೊಲಿಯುತ್ತಿದ್ದ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. ಅವನು ಟೋಪಿ ತೆಗೆದು ಮೆಟ್ಟಿಲ ಹತ್ತಿರ ನಿಂತ.

"ಅಕ್ಕಾ, ಕೂತ್ಕೋಬಹುದಾ?"

"ನಿಂತೇ ಹೇಳು" ಎಂದೆ.

ಅವನು ಜಾಕೆಟ್ಟಿನೊಳಗಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ತುಂಬ ಸೊರಗಿದ್ದ. "ನಿನ್ನ ಮಗಳ ಹಾಡಲ್ಲಿ ಒಂದು ತಪ್ಪಿದೆ" ಎಂದ.

ನಾನು ಕೌದಿಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡೆ.

"ಕೋಟಲ್ಲ ಅಕ್ಕಾ ಅದು. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ. ಯಂತ್ರ ಮತ್ತೆಮತ್ತೆ ನಿಂತು ಹೋಗ್ತಿತ್ತು. ಮೇಲಿನವರು ಫೋನ್ ಮೇಲೆ ಫೋನ್. ಏನಾದ್ರೂ ಮುಚ್ಚೋಕೆ ಕೊಡೋ ಅಂತ ಲೋನಿಗೆ ನಾನೇ ಅಂದೆ. ಅವನು ಊಟದ ಡಬ್ಬಿಯಿಂದ ಚೀಲ ತೆಗೆದುಕೊಟ್ಟ. 'ಸಂಜೆ ವಾಪಸ್ ಕೊಡು ಮಾರಾಯ, ಇಲ್ದಿದ್ರೆ ಟ್ರೆವಾ ನನ್ನ ಸುಮ್ನೆ ಬಿಡಲ್ಲ, ತೊಳೆದು ಮತ್ತೆ ತುಂಬಿಸ್ತಾಳೆ' ಅಂತ ನಕ್ಕ. ನಾನೇ ಕಟ್ಟಿದ್ದು. ಈ ಕೈಯಲ್ಲೇ. ಕಟ್ಟಿ, ವೆಂಡೆಲ್‌ನ ಕರ್ಕೊಂಡು ಪಂಪ್ ನೋಡೋಕೆ ಆ ಕಡೆ ಹೋದೆ."

ಅವನಿಗೆ ಅಳು ಬರಲಿಲ್ಲ. ಬಂದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ವೆಂಡೆಲ್ ಹೇಳಿದ್ದು ಅಂತ ನಂಗೊತ್ತು. ಅವನ ಮುಖ ನೋಡೋ ಧೈರ್ಯ ನಂಗಿಲ್ಲ ಅಕ್ಕಾ, ಅದಕ್ಕೇ ದೂರ ಕಳಿಸ್ತೀನಿ. ಆ ಸುರಂಗದಲ್ಲೇ ಗಾಳಿ ಚೆನ್ನಾಗಿರೋದು. ಇಲ್ಲಿಗೆ ಎಷ್ಟು ಸಲ ಬಂದೆನೋ, ಕೆಳಗೇ ಕೂತು ವಾಪಸ್ ಹೋದೆ. ನಾಳೆ ತನಿಖೆಯವರ ಹತ್ರ ಹೋಗ್ತಿದೀನಿ. ಡೆಲ್ಫಾಗೆ ಹೇಳು, ಹಾಡೋದಾದ್ರೆ ಸರಿಯಾಗಿ ಹಾಡ್ಲಿ. ಲೋನಿ ಚೀಲ ಅದು. ಕೋಟು ಅಂದ್ರೆ ಯಾರೋ ದೊಡ್ಡವರು ಬಂದು ಹೊದಿಸಿದ ಹಾಗೆ ಕೇಳ್ಸುತ್ತೆ."

ಟೋಪಿ ಹಾಕಿಕೊಂಡು ಹೊರಟುಹೋದ. ಶುಕ್ರವಾರ ನಿಜವಾಗಿಯೂ ಹೋಗಿ ಎಲ್ಲ ಹೇಳಿದನಂತೆ. ನಿನ್ನೆ ಗಣಿಯ ಗೇಟಿಗೆ ಸರಪಳಿ ಬಿತ್ತು. ಗಂಡಸರೆಲ್ಲ ಗಾಡಿಗಳ ಹಿಂಬದಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಬೈದರೆ ತಡೆದುಕೊಳ್ಳಬಹುದು, ಹೀಗೆ ಸುಮ್ಮನಿದ್ದರೆ ಏನು ಮಾಡುವುದು? ಬರ್ಲ್‌ನ ಹೆಂಡತಿ ತವರಿಗೆ ಹೋದಳಂತೆ. ಹೈಸ್ಕೂಲಿನ ಪ್ರಿನ್ಸಿಪಾಲರು ಬಂದು, "ಅವಳ ಹಳೇ ಪ್ರೇಮದ ಹಾಡುಗಳಿವೆಯಲ್ಲಮ್ಮ, ಅವನ್ನೇ ಹಾಡ್ಲಿ. ಊರಿನ ಪರಿಸ್ಥಿತಿ ನೀವೂ ನೋಡ್ತಿದ್ದೀರಲ್ಲ" ಎಂದು ಕಾಫಿ ಕುಡಿದು ಹೋದರು. ಅಪ್ಪ ಹಿಂದಿನಿಂದ ಕೂಗಿದರು: "ಪ್ರೇಮದ ಹಾಡು ಬೇಕಂದ್ರೆ ನಿನ್ನ ಹೆಂಡ್ತಿ ಹತ್ರ ಹಾಡಿಸ್ಕೋ!" ಕೂಗಿ, ಕೆಮ್ಮಿ ಕೆಮ್ಮಿ ನೀಲಿಯಾದರು.

ವೆಂಡೆಲ್ ನಮ್ಮಲ್ಲೇ ಇದ್ದಾನೆ. ಕೆಲಸವಿಲ್ಲ. ಉಂಡು ಮಲಗುತ್ತಾನೆ. ಅವನು ಗೊರಕೆ ಹೊಡೆಯುತ್ತಿದ್ದರೆ ನಾನು ಬಾಗಿಲಲ್ಲಿ ನಿಂತು ಕೇಳುತ್ತೇನೆ.

ಬರ್ಲ್ ಹೇಳಿದ್ದನ್ನು ಟ್ರೆವಾ ವೇದಿಕೆಯಿಂದ ಮೊದಲ ಸಲ ಕೇಳಬಾರದು ಎಂದು ನಿನ್ನೆ ನಾನೇ ಅವಳ ಮನೆಗೆ ಹೋದೆ. ಹೇಗೋ ಹೇಳಿ ಮುಗಿಸಿದೆ. ಅವಳು ಎದ್ದು ಅಡುಗೆಮನೆಯ ಡ್ರಾಯರ್ ಎಳೆದಳು. ಒಳಗೆ ತೊಳೆದು ಒಣಗಿಸಿ ಮಡಿಸಿಟ್ಟ ಬ್ರೆಡ್ಡಿನ ಚೀಲಗಳು, ಒಂದರ ಮೇಲೊಂದು. ಈಗಲೂ ತೊಳೆದಿಡುತ್ತಾಳೆ. ಮೇಲಿನ ಚೀಲವೊಂದನ್ನು ಎತ್ತಿ, ಮತ್ತೆ ಮಡಿಸಿಟ್ಟು, "ಹಾಡ್ಲಿ. ಸರಿಯಾಗೇ ಹಾಡ್ಲಿ. ನಾನು ಮಾತ್ರ ಬರಲ್ಲ" ಎಂದಳು.

ಈ ಕಾಗದ ಶುರುಮಾಡಿದಾಗ ಬರಬೇಡ ಎಂದು ಬರೆಯಬೇಕೆಂದಿದ್ದೆ. ಈಗ ಬಾ ಎನ್ನುತ್ತಿದ್ದೇನೆ. ಧೈರ್ಯ ಬಂದು ಹೇಳುತ್ತಿಲ್ಲ. ಆದರೆ ನೀನು ಬರದಿದ್ದರೆ ಆ ಮಾತು ಬರ್ಲ್ ಒಬ್ಬನ ಮೇಲೆ ಬಿದ್ದು ಅಲ್ಲೇ ಸಾಯುತ್ತದೆ, ಫೋನ್ ಮಾಡಿದ ಮೇಲಿನವರನ್ನು ಯಾರೂ ಕೇಳುವುದಿಲ್ಲ. ನಿನ್ನ ಹೆಸರು ಬರೆದ ಬಸ್ಸಿನಲ್ಲಿ ಬರಬೇಡ. ಗುಡ್ಡದ ಹಿಂದಿನ ದಾರಿಯಲ್ಲಿ ಹಗಲಿನಲ್ಲೇ ಬಾ. ಹೋಟೆಲು ಬೇಡ, ಮನೆಯಲ್ಲೇ ಇರು. ನಿನಗೆಂದು ಸೇಬಿನ ಕೇಕು ಮಾಡಿಡುತ್ತೇನೆ. ನೀನು ಹಾಡುವಾಗ ನಾನೂ ವೆಂಡೆಲನೂ ವೇದಿಕೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಿರುತ್ತೇವೆ. ಅವನೇ ಹೇಳಿದ ಮಾತಿದು, ನಾನು ಕೇಳಿದ್ದಲ್ಲ.

ನಿನ್ನ ಹಣೆಗೊಂದು ಮುತ್ತಿಡುತ್ತಾ,
ನಿನ್ನ ಅಮ್ಮ,
ಆರ್ಡಿತ್

ತಾ.ಕ.: ಗುರುವಾರದ ಸಂಗತಿಯಲ್ಲಿ ಒಂದನ್ನು ಬರೆಯದೆ ಬಿಟ್ಟೆ. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ತೊಡೆಯ ಮೇಲಿನ ಕೌದಿಯ ಕೆಳಗೆ ಅಪ್ಪನ ಬಂದೂಕಿತ್ತು. ಗಾಡಿಯ ಸದ್ದು ಕೇಳಿದ ಕೂಡಲೇ ಒಳಗಿಂದ ತಂದುಕೊಂಡಿದ್ದೆ. ಬರ್ಲ್ ಜಾಕೆಟ್ಟಿನೊಳಗೆ ಕೈ ಹಾಕಿದಾಗ ನಾನು ಟ್ರಿಗರ್ ಎಳೆದೆ. ಟಿಕ್ ಎಂದಿತು, ಅಷ್ಟೇ. ಅವನು ಮುಖ ಒರೆಸಿಕೊಳ್ಳುತ್ತಿದ್ದ, ಕೇಳಿಸಲಿಲ್ಲ. ಚೀಲದ ಮಾತು ಹೇಳಿದ್ದು ಅದಾದ ಮೇಲೆ. ಸಂಜೆ ಅಪ್ಪನನ್ನು ಕೇಳಿದೆ. "ನಿನ್ನ ಮುಖ ನೋಡಿ ಆಗಸ್ಟಲ್ಲೇ ತೋಟಾ ತೆಗೆದಿಟ್ಟೆ ಕಣೇ" ಎಂದರು. ಈಗ ನಾನು ಹೆದರುವುದು ಊರಿನವರಿಗಲ್ಲ. ಡೆಲ್ಫಾ, ನಾನು ನಿನ್ನನ್ನು ಯಾವತ್ತೂ ಏನೂ ಬೇಡಿಕೊಂಡವಳಲ್ಲ. ಇದನ್ನು ಮಾತ್ರ ಹಾಡು ಮಾಡಬೇಡ.